ಸೀಮೆಎಣ್ಣೆ ಕುಡಿದ ಬ್ಯುರೆಟ್

1998ರ ಏಪ್ರಿಲ್ 13, ಸೋಮವಾರ, ಬೆಳಗ್ಗೆ 9 ಗಂಟೆ 42 ನಿಮಿಷ.

ಹಗರೆಯ ಹಾಲು ಶೀತಲ ಕೇಂದ್ರದ ಪರೀಕ್ಷಾ ಕೋಣೆಯಲ್ಲಿ ಮಾಲಿನಿ ಉಸಿರು ಬಿಗಿಹಿಡಿದು ನಿಂತಿದ್ದಳು. ಎಡಗೈಯಲ್ಲಿ ಬ್ಯುರೆಟ್ಟಿನ ತಿರುಪು, ಬಲಗೈಯಲ್ಲಿ ಹತ್ತು ಮಿಲಿಲೀಟರ್ ಹಾಲಿದ್ದ ಫ್ಲಾಸ್ಕು. ಉದ್ದನೆಯ ಗಾಜಿನ ಕೊಳವೆಯಿಂದ ಸೋಡಾ ದ್ರಾವಣ ಹನಿಹನಿಯಾಗಿ ಹಾಲಿಗೆ ಬೀಳುತ್ತಿತ್ತು. ಹಾಲು ತಿಳಿಗುಲಾಬಿಗೆ ತಿರುಗಿದ ಹನಿಗೇ ನಿಲ್ಲಿಸಬೇಕು. ದ್ರಾವಣ ಎಷ್ಟು ಹೆಚ್ಚು ಹಿಡಿಯಿತೋ ಹಾಲು ಅಷ್ಟು ಹುಳಿ.

"ಇನ್ನೂ ಎಷ್ಟೊತ್ತು ಮೇಡಂ?"

ಬಾಗಿಲಲ್ಲಿ ನಿಂತವನ ಹುಬ್ಬಿನ ಮೇಲೂ ಧೂಳು. ಬೆವರಿನಲ್ಲಿ ನೆನೆದ ಖಾಕಿ ಅಂಗಿ. ಗೆಂಡೆಹಳ್ಳಿ ಕಡೆಯ ಒಳಹಳ್ಳಿಯೊಂದರಿಂದ ಹಳೆಯ ಯೆಜ್ಡಿ ಬೈಕಿಗೆ ಎರಡು ಕ್ಯಾನು ಕಟ್ಟಿಕೊಂಡು ದಿನಾ ಹಾಲು ತರುವ ಮೋಹನ್‌ಕುಮಾರ್. ಒಂಬತ್ತು ಗಂಟೆಯೊಳಗೆ ಬರಬೇಕಿತ್ತು.

"ಬಣ್ಣ ಬರುವವರೆಗೆ," ಎಂದಳು ಮಾಲಿನಿ, ಕಣ್ಣು ತೆಗೆಯದೆ.

ಬಣ್ಣ ಬಂತು. ಕೊಳವೆಯ ಗೆರೆ ನೋಡಿದಳು. 1.8. ಮಿತಿ 1.6.

"ವಾಪಸ್."

"ಏನ್ ವಾಪಸ್ಸು? ನಮ್ಮ ಹಾಲು ಕೆಟ್ಟಿಲ್ಲ ಕಣ್ರೀ! ಬೇಕಾದ್ರೆ ಇಲ್ಲೇ ಕುಡಿದು ತೋರಿಸ್ತೀನಿ!"

"ನೀವು ಕುಡಿದರೆ ನಿಮ್ಮ ಹೊಟ್ಟೆ ಎಷ್ಟು ಗಟ್ಟಿ ಅಂತ ಗೊತ್ತಾಗುತ್ತೆ. ಹಾಲಿನ ವಿಷಯ ಇದರಲ್ಲೇ ಗೊತ್ತಾಗೋದು."

ಹೊರಗೆ ಕ್ಯಾನು ತೊಳೆಯುತ್ತಿದ್ದ ಬೋರಮ್ಮ ಕಿಸಕ್ಕನೆ ನಕ್ಕಳು.

ಅವನ ಮುಖ ಕೆಂಪಾಯಿತು. "ನೀವು ನೋಡಿದ್ದೇ ತಪ್ಪಿರಬೋದಲ್ಲ?"

ಮಾಲಿನಿ ಒಂದು ಹೆಜ್ಜೆ ಸರಿದಳು. "ಬನ್ನಿ. ನೀವೇ ನೋಡಿ."

ಅವನು ನಿಂತಲ್ಲಿಂದಲೇ ಮೇಲಿನಿಂದ ಇಣುಕಿದ. "ಒಂದೂವರೆ!"

"ಹಾಗಲ್ಲ. ಬಗ್ಗಿ. ಕಣ್ಣು ದ್ರಾವಣದ ಮಟ್ಟಕ್ಕೆ ಬರಬೇಕು."

ಅವನು ಬಗ್ಗಿದ. ಗೆರೆ ತೋರಿಸಲು ಆಚೆ ಬದಿಯಲ್ಲಿ ಅವಳೂ ಬಗ್ಗಿದಳು. ಒಂದು ಬೆರಳಿನಷ್ಟು ದಪ್ಪದ ಗಾಜಿನ ಆಚೆಈಚೆ ನಾಲ್ಕು ಕಣ್ಣು... ಎರಡು ಕ್ಷಣ ಯಾರೂ ಗೆರೆ ನೋಡಲಿಲ್ಲ!

"ಒಂದು ಪಾಯಿಂಟ್ ಎಂಟು," ಎಂದ ಅವನು ಸಣ್ಣ ದನಿಯಲ್ಲಿ.

"ಈ ತಿಂಗಳಲ್ಲಿ ಎರಡನೇ ಸಲ," ಎಂದಳು ಮಾಲಿನಿ. ತನ್ನ ದನಿ ಯಾಕೆ ಮೆತ್ತಗಾಯಿತು ಎಂದು ಅವಳಿಗೇ ತಿಳಿಯಲಿಲ್ಲ. "ಮೂರನೇ ಸಲ ಆದರೆ ನಿಮ್ಮ ಊರಿನ ಹಾಲಿನ ಲೈನೇ ನಿಲ್ಲಿಸ್ತಾರೆ. ನಿಯಮ ಗೊತ್ತಲ್ಲ?"

ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು. ವ್ಯಾನು ಹೋಗದ ಆ ಹಳ್ಳಿಯಲ್ಲಿ, "ಹಾಲು ತಲುಪಿಸೋದು ನನ್ನ ಜವಾಬ್ದಾರಿ" ಎಂದು ಮನೆಮನೆ ತಿರುಗಿ ಹತ್ತೊಂಬತ್ತು ಮನೆಯವರ ಕೈಲಿ ಹಸು ಕಟ್ಟಿಸಿದವನೇ ಅವನು.

ಅವನು ಕ್ಯಾನು ಎತ್ತಿಕೊಂಡು ಹೋದ. ಮಾಲಿನಿ ಫ್ಲಾಸ್ಕು ತೊಳೆಯುವಾಗ ಬೋರಮ್ಮ ಒಳಗೆ ಬಂದಳು.

"ಏನವ್ವ, ಗುಲಾಬಿ ಬಣ್ಣ ಹಾಲಿಗೆ ಬರಬೇಕೋ, ನಿನ್ನ ಕೆನ್ನೆಗೋ?"

"ಬೋರಮ್ಮ! ಕ್ಯಾನು ತೊಳೆದಾಯ್ತಾ?"

* * *

ಗುರುವಾರ ಅವನು ಸರಿಯಾಗಿ ಒಂಬತ್ತಕ್ಕೆ ಬಂದ. ಹಾಲು ಪಾಸಾಯಿತು. ಆದರೂ ಹೋಗದೆ ಬಾಗಿಲಲ್ಲೇ ನಿಂತ.

"ಮೇಡಂ... ಒಂದು ಕೇಳ್ಲಾ? ಈ ಗಾಜಿನ ಕೊಳವೆ ಒಂದು ಹೊತ್ತಿಗೆ ಬೇಕಾಗಿತ್ತು."

"ಬ್ಯುರೆಟ್ಟಾ? ನಿಮಗ್ಯಾಕೆ?"

"ನನ್ನ ಗಾಡಿ ತಲೆ ಅಳೀಬೇಕು."

ಅವಳಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಎಡಗೆನ್ನೆಯಲ್ಲಿ ಸಣ್ಣ ಗುಳಿ. ಇದನ್ನು ಇಷ್ಟು ದಿನ ಗಮನಿಸಿರಲಿಲ್ಲವಲ್ಲ!

ಅರಸೀಕೆರೆಯಲ್ಲಿ ಐಟಿಐ ಓದಿದ ಮೋಹನ್ ಕಿಟಕಿಯ ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು ವಿವರಿಸಿದ. ಇಂಜಿನ್ನಿನ ಮೇಲೆ ಮುಚ್ಚಳದಂತೆ ಕೂರುವುದು ಸಿಲಿಂಡರ್ ಹೆಡ್. ಅದರ ಒಳಮೈಯಲ್ಲಿ ಬಟ್ಟಲಿನಂಥ ಗುಳಿ. ಪೆಟ್ರೋಲು, ಗಾಳಿ ಎರಡೂ ಆ ಗುಳಿಯೊಳಗೆ ಒತ್ತಿಕೊಂಡು ಉರಿಯುತ್ತವೆ.

"ಗುಳಿ ಚಿಕ್ಕದಾದಷ್ಟೂ ಒತ್ತಡ ಜಾಸ್ತಿ. ಎಳೆಯೋ ಶಕ್ತಿ ಜಾಸ್ತಿ. ಹೆಡ್ಡಿನ ಅಂಚು ಲೇಥಿನಲ್ಲಿ ಕೆರೆಸಿದ್ರೆ ಗುಳಿ ಚಿಕ್ಕದಾಗ್ತದೆ. ಬೇಲೂರು ಹತ್ರದ ಏರಿನಲ್ಲಿ ಈಗ ಗಾಡಿ ಇಳಿದು ತಳ್ತೀನಿ. ಅಲ್ಲೇ ಕಾಲು ಗಂಟೆ ಹೋಗ್ತದೆ."

"ಹಾಗಾದರೆ ಚೆನ್ನಾಗಿ ಕೆರೆಸಿಬಿಡಿ."

"ಅದೇ ತೊಂದರೆ. ಜಾಸ್ತಿ ಕೆರೆಸಿದ್ರೆ ಇಂಜಿನ್ ಕಾದು ಪಿಸ್ಟನ್ ಕಚ್ಕೊಳ್ತದೆ. ಗುಳಿ ಮೂವತ್ತೊಂದು ಮಿಲಿಲೀಟರ್ ಇರಬೇಕು ಅಂತ ಲೆಕ್ಕ ಹಾಕಿದೀನಿ. ಈಗ ಎಷ್ಟೈತೆ ಅಂತ ಗೊತ್ತಾದ್ರೆ ತಾನೇ ಎಷ್ಟು ಕೆರೆಸಬೇಕು ಅಂತ ಗೊತ್ತಾಗೋದು?"

ಮಾಲಿನಿ ಆ ಚಿತ್ರ ನೋಡಿದಳು. ಬಿ.ಎಸ್ಸಿ. ಮುಗಿಸಿ ಎರಡು ವರ್ಷವಾಗಿತ್ತು. ಹಾಲು ಬಿಟ್ಟು ಬೇರೇನನ್ನೂ ಅಳೆದಿರಲಿಲ್ಲ. ಒಳಗೆಲ್ಲೋ ಏನೋ ಮೊಳಕೆಯೊಡೆದಂತಾಯಿತು.

"ಬ್ಯುರೆಟ್ ಹೊರಗೆ ಕೊಡೋ ಹಾಗಿಲ್ಲ," ಎಂದಳು. "ಭಾನುವಾರ ಮಧ್ಯಾಹ್ನ ಹೆಡ್ ಇಲ್ಲಿಗೇ ತನ್ನಿ. ಅಳೆಯೋದು ನಾನು!"

* * *

ಭಾನುವಾರ ಕೇಂದ್ರದ ಜಗಲಿಯಲ್ಲಿ ಮೂವರು. ಮೋಹನ್, ಮಾಲಿನಿ, ಮತ್ತು "ಹುಡುಗ ಹುಡುಗಿ ಇಬ್ಬರನ್ನೇ ಬಿಡೋದು ಹೆಂಗೆ" ಎಂದು ಅವರೆಕಾಳು ಹಿಚುಕುತ್ತಾ ಕುಳಿತ ಬೋರಮ್ಮ.

ಮೋಹನ್ ಹೆಡ್ಡನ್ನು ಕನ್ನಡಿಯಂತೆ ಉಜ್ಜಿ ತಂದಿದ್ದ. ಅದನ್ನು ಬೋರಲು ಮಾಡಿ ಹಳೆ ಬಟ್ಟೆಯ ಮೇಲಿಟ್ಟು, ಗುಳಿಯ ಮೇಲೆ ಸಣ್ಣ ತೂತಿದ್ದ ಗಾಜಿನ ಹಲಗೆ ಮುಚ್ಚಿದರು. ಆ ತೂತಿನಿಂದ ಬ್ಯುರೆಟ್ಟಿನಲ್ಲಿರುವುದನ್ನು ಬಿಡಬೇಕು. ಗುಳಿ ತುಂಬಿದಾಗ ಎಷ್ಟು ಇಳಿದಿದೆಯೋ ಅದೇ ಗುಳಿಯ ಅಳತೆ.

"ನೀರು ಬೇಡ ಮೇಡಂ. ನೀರು ಮೂಲೆಗೆ ಸರಿಯಾಗಿ ಹರಿಯಲ್ಲ, ಗುಳ್ಳೆ ನಿಲ್ತದೆ. ಸೀಮೆಎಣ್ಣೆ ತಂದಿದೀನಿ."

ರೇಷನ್ ಅಂಗಡಿಯ ನೀಲಿ ಸೀಮೆಎಣ್ಣೆ. ಗಾಜಿನೊಳಗೆ ಅದು ಎಷ್ಟು ಚೆನ್ನಾಗಿ ಕಾಣುತ್ತಿತ್ತು!

ಮೊದಲ ಅಳತೆ: 32.9. ಎರಡನೆಯದು: 34.8. ಮೂರನೆಯದು: 37.0.

ಮೋಹನ್ ತಲೆ ಕೆರೆದುಕೊಂಡ. "ಏರ್ತಾನೇ ಐತಲ್ಲ ಮೇಡಂ?"

"ಅದಕ್ಕೇ ಮೂರು ಸಲ ಅಳೆಯೋದು. ಸರಾಸರಿ ತೆಗೆದರೆ ಸಣ್ಣಪುಟ್ಟ ತಪ್ಪೆಲ್ಲ ಹೋಗುತ್ತೆ." ಅವಳ ದನಿಯಲ್ಲಿ ಕಾಲೇಜಿನ ಪ್ರಯೋಗಾಲಯದ ಪೂರ್ತಿ ಗತ್ತು. "ಮೂವತ್ತನಾಲ್ಕು ಪಾಯಿಂಟ್ ಒಂಬತ್ತು. ಬರೆದುಕೊಳ್ಳಿ."

ಅವನು ಬರೆದುಕೊಂಡ. ಇಷ್ಟು ಓದಿದವಳು ಹೇಳಿದ ಮೇಲೆ ಮತ್ತೇನು? ಅಷ್ಟಕ್ಕೂ ಅಂಕಿ ಬರೆಯುವಾಗ ಅವಳ ಮುಂಗುರುಳು ಹಣೆಯ ಮೇಲೆ ಜಾರುತ್ತಿತ್ತು... ಅವನು ನೋಡುತ್ತಿದ್ದುದು ಅಂಕಿಗಳನ್ನಲ್ಲ.

"ಒಂದು ಪಾಯಿಂಟ್ ಎರಡು ಮಿಲಿಮೀಟರ್ ಕೆರೆಸಿದರೆ ಸರಿ," ಎಂದಳು ಲೆಕ್ಕ ಮುಗಿಸಿ.

"ಮೇಡಂ ಅನ್ನೋದು ಬೇಡ ಅಂದ್ರೆ ಏನಂತ ಕರೀಲಿ?"

"ನಾನು ಬೇಡ ಅಂದಿಲ್ಲವಲ್ಲ?"

"ಅಂದ್ರೆ ಅಂತ ಕೇಳ್ದೆ."

ಬೋರಮ್ಮ ಅವರೆಕಾಳಿನ ಪಾತ್ರೆ ಎತ್ತಿಕೊಂಡಳು. "ಅಳೆದಾಯ್ತಲ್ಲ? ಇನ್ನು ಎದ್ದೇಳಿ ಇಬ್ರೂ. ಈ ಲೆಕ್ಕ ಇವತ್ತಿಗೆ ಮುಗಿಯೋದಲ್ಲ!"

ಅವನು ಹೋದ ಮೇಲೆ ಮಾಲಿನಿ ಬ್ಯುರೆಟ್ಟನ್ನು ಸೋಪಿನಲ್ಲಿ ಎರಡು ಸಲ ತೊಳೆದು, ಮೂಸಿ ನೋಡಿ, ಸ್ಟ್ಯಾಂಡಿಗೆ ಸಿಕ್ಕಿಸಿದಳು.

* * *

ಮಂಗಳವಾರ ಅರಸೀಕೆರೆಯ ಷಡಕ್ಷರಪ್ಪನ ಲೇಥಿನಲ್ಲಿ ಕೆಲಸ ಮುಗಿಯಿತು. ಬುಧವಾರ ಯೆಜ್ಡಿ ಕೇಂದ್ರದ ಗೇಟು ಹೊಕ್ಕಾಗ ಗೋಡೆ ಗಡಿಯಾರದಲ್ಲಿ ಎಂಟು ಮೂವತ್ತೊಂದು!

"ಏರಿನಲ್ಲಿ ಇಳೀಲೇ ಇಲ್ಲ!" ಮೋಹನ್ ಕಿರುಚುತ್ತಲೇ ಬಂದ. "ಎರಡು ಕ್ಯಾನು ಹೊತ್ಕೊಂಡು ಮೇಕೆ ಹತ್ತಿದಂಗೆ ಹತ್ತಿಬಿಡ್ತು! ಮಾಲಿನಿಯವ್ರೇ, ನಿಮ್ಮ ಲೆಕ್ಕ ಬಂಗಾರ!"

ಮಾಲಿನಿಯವ್ರೇ... ಆ ದಿನವಿಡೀ ಅವಳು ಒಂದೊಂದು ಹಾಲಿಗೂ ಒಂದೊಂದು ಮುಗುಳ್ನಗೆ ಕೊಟ್ಟಳು.

ಗುರುವಾರವೂ ಬೇಗ ಬಂದ. "ಏರಿನಲ್ಲಿ ಸ್ವಲ್ಪ ಟಕಟಕ ಅಂತೈತೆ," ಎಂದ. ಶುಕ್ರವಾರ, "ಟಕಟಕ ಜಾಸ್ತಿ ಆಗೈತೆ, ಇರಲಿ ಬಿಡಿ," ಎಂದ. ಅವಳು ಹೆದರಬಾರದೆಂದು ನಕ್ಕು ಹೇಳಿದ.

ಶನಿವಾರ ಎಂಟೂವರೆ ಆಯಿತು. ಒಂಬತ್ತಾಯಿತು. ಯೆಜ್ಡಿಯ ಸದ್ದಿಲ್ಲ.

ಒಂಬತ್ತು ಐವತ್ತಕ್ಕೆ ಒಂದು ಟೆಂಪೊ ಬಂತು. ಹಿಂದೆ ಎರಡು ಕ್ಯಾನು. ಅವುಗಳ ನಡುವೆ ಮೋಹನ್, ಮೊಣಕೈವರೆಗೆ ಮಸಿ. ಏರಿನ ಅರ್ಧದಲ್ಲಿ ಪಿಸ್ಟನ್ ಕಚ್ಚಿಕೊಂಡು ಇಂಜಿನ್ ನಿಂತುಬಿಟ್ಟಿತ್ತು.

ಮಾಲಿನಿ ಬ್ಯುರೆಟ್ಟಿನ ಮುಂದೆ ನಿಂತಳು. ಗುಲಾಬಿ ಬಣ್ಣವೇ, ನಿಧಾನಕ್ಕೆ ಬಾರದಿರು... ಬೇಗ ಬಾ...

1.7.

ಮೂರನೇ ಸಲ!

"ವಾಪಸ್," ಎಂದಳು. ಅವನು ಜಗಳವಾಡಲಿಲ್ಲ. ಬಗ್ಗಿ ಗೆರೆಯನ್ನೂ ನೋಡಲಿಲ್ಲ. ಆ ನಂಬಿಕೆಯೇ ಅವಳನ್ನು ಹೆಚ್ಚು ಚುಚ್ಚಿತು.

ಮುಂದಿನ ಪರೀಕ್ಷೆಗೆ ಬ್ಯುರೆಟ್ಟನ್ನು ಸೊನ್ನೆಯವರೆಗೆ ತುಂಬಿಟ್ಟು ಅವಳು ಗೋಡೆಗೆ ಒರಗಿದಳು. ಪಕ್ಕದ ಕೋಣೆಯಿಂದ ಮ್ಯಾನೇಜರ್ ಕರಿಯಯ್ಯನವರ ದನಿ ಕೇಳುತ್ತಿತ್ತು.

"ಚೆನ್ನಾಗಿದ್ದ ಇಂಜಿನ್ ಕೆರೆಸಿ ಹಾಳು ಮಾಡಿಕೊಂಡೆಯಲ್ಲಯ್ಯ! ಯಾರು ನಿನಗೆ ಅಳತೆ ಕೊಟ್ಟೋರು?"

ಮಾಲಿನಿ ಕಿವಿಯಾದಳು.

"ಯಾರೂ ಅಳೆದಿಲ್ಲ ಸಾರ್," ಎಂದ ಮೋಹನ್. "ಕಣ್ಣಂದಾಜಲ್ಲಿ ಕೆರೆಸ್ದೆ."

ಯಾರೂ ಅಳೆದಿಲ್ಲ?

ಆ ಭಾನುವಾರ, ಆ ನೀಲಿ ಕೊಳವೆ, ಆ ನಗು, ಆ ಲೆಕ್ಕ... ಎಲ್ಲವನ್ನೂ ಒಂದೇ ಮಾತಿನಲ್ಲಿ ಒರೆಸಿಬಿಟ್ಟನಲ್ಲ! ನನ್ನ ಹೆಸರು ಬಾಯಿಗೆ ಬರಬಾರದಷ್ಟು ಕೋಪವೇ? ಅಳತೆ ತಪ್ಪಿತ್ತು ಎನ್ನಬಹುದಿತ್ತು, ಬೈಯಬಹುದಿತ್ತು. ಯಾರೂ ಇರಲೇ ಇಲ್ಲ ಎಂದರೆ...

ಕಣ್ಣು ಮಂಜಾಯಿತು. ಟೆಂಪೊ ಹೊರಟ ಸದ್ದು ಕೇಳಿಸಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಕೆಲಸಕ್ಕೆ ತಿರುಗಿದಳು.

ಸೊನ್ನೆಗೆ ತುಂಬಿಟ್ಟಿದ್ದ ಬ್ಯುರೆಟ್ಟು 0.9ರಲ್ಲಿತ್ತು.

ಅವಳು ತಿರುಪನ್ನು ಮುಟ್ಟಿಯೇ ಇರಲಿಲ್ಲ!

ಕೆಳಗೆ ಬೆರಳಿಟ್ಟು ನೋಡಿದಳು. ಕೊಳವೆಯ ತುದಿ ಒಣಗಿತ್ತು, ಆದರೆ ತಿರುಪಿನ ಪಕ್ಕದಲ್ಲಿ ಒದ್ದೆ. ಕಣ್ಣಿಗೆ ಕಾಣದಷ್ಟು ಮೆಲ್ಲಗೆ ದ್ರಾವಣ ಸ್ಟ್ಯಾಂಡಿನ ಕಂಬಿಗುಂಟ ಇಳಿಯುತ್ತಿತ್ತು. ಮತ್ತೆ ತುಂಬಿ, ಕೈಗಡಿಯಾರ ನೋಡುತ್ತಾ ನಿಂತಳು. ಒಂದು ನಿಮಿಷಕ್ಕೆ 0.2.

ಗಾಜಿನ ತಿರುಪು ಸೋರದಿರಲೆಂದು ಅದಕ್ಕೆ ತೆಳುವಾಗಿ ವ್ಯಾಸಲೀನ್ ಹಚ್ಚಿರುತ್ತಾರೆ. ಸೀಮೆಎಣ್ಣೆ ವ್ಯಾಸಲೀನನ್ನು ಕರಗಿಸುತ್ತದೆ. ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ಸಂಗತಿ!

ಆ ಭಾನುವಾರದ ಪುಟ ತೆಗೆದಳು. 32.9, 34.8, 37.0. ಹೆಡ್ಡಿನ ಗುಳಿ ಬೆಳೆಯುತ್ತಿರಲಿಲ್ಲ, ತಿರುಪಿನ ಸೋರಿಕೆ ಬೆಳೆಯುತ್ತಿತ್ತು. ಅವನು ಕೇಳಿದ್ದ, ಏರ್ತಾನೇ ಐತಲ್ಲ ಎಂದು. ಒಂದೇ ದಿಕ್ಕಿಗೆ ಓಡುವ ತಪ್ಪು ಸರಾಸರಿಯಿಂದ ಹೋಗುವುದಿಲ್ಲ. ನಿಜವಾದ ಗುಳಿ ಮೂವತ್ತೆರಡರ ಹತ್ತಿರ ಇದ್ದಿರಬೇಕು. ಕೂದಲೆಳೆಯಷ್ಟು ಕೆರೆಸಿದ್ದರೆ ಸಾಕಿತ್ತು.

ಆಗ ಇನ್ನೊಂದು ವಿಚಾರ ಹೊಳೆಯಿತು.

ವಾರವಿಡೀ ಹಾಲು ಪರೀಕ್ಷಿಸಿದ್ದೂ ಇದೇ ಬ್ಯುರೆಟ್ಟಿನಲ್ಲಿ! ಅಷ್ಟು ದಿನವೂ ಎಲ್ಲರ ಹಾಲು ಇರುವುದಕ್ಕಿಂತ ಸ್ವಲ್ಪ ಹೆಚ್ಚು ಹುಳಿ ತೋರಿಸಿತ್ತು. ಬೇರೆ ಯಾರದೂ ಮಿತಿ ದಾಟಿರಲಿಲ್ಲ. ಇವತ್ತು...

ವಾಪಸಾದ ಹಾಲಿನ ಒಂದು ಬಾಟಲಿ ಐಸಿನಲ್ಲಿ ಇಟ್ಟಿರುವುದು ಪದ್ಧತಿ. ಬೀರುವಿನಿಂದ ಹೊಸ ಬ್ಯುರೆಟ್ ತೆಗೆದಳು. ಹತ್ತು ಮಿಲಿಲೀಟರ್ ಹಾಲು. ಹನಿ... ಹನಿ... ಗುಲಾಬಿ.

1.5.

ಆ ಹಾಲು ಪಾಸಾಗಿತ್ತು!

* * *

"ಸರ್, ಇವತ್ತಿನ ಮೂರನೇ ವಾಪಸ್ ತಪ್ಪು. ಬ್ಯುರೆಟ್ ಸೋರುತ್ತಿತ್ತು."

ಕರಿಯಯ್ಯ ಕನ್ನಡಕ ತೆಗೆದರು. "ಯಾಕೆ ಸೋರಿತು?"

ಇಲ್ಲಿಗೆ ನಿಲ್ಲಿಸಬಹುದಿತ್ತು. ಹಳೆಯದಾಗಿತ್ತು ಸರ್ ಎಂದರೆ ಮುಗಿಯುತ್ತಿತ್ತು. ಅವನೂ ಹೇಳಿಯಾಗಿತ್ತಲ್ಲ, ಯಾರೂ ಅಳೆದಿಲ್ಲವೆಂದು. ಆದರೆ ಬೇಲೂರಿನ ಶಾಲೆಯಲ್ಲಿ ಮೂವತ್ತು ವರ್ಷ ಮೇಷ್ಟ್ರಾಗಿದ್ದ ಹನುಮಯ್ಯನವರ ಮಗಳಿಗೆ ಅರ್ಧ ಉತ್ತರ ಬರೆದು ಅಭ್ಯಾಸವಿರಲಿಲ್ಲ.

"ನಾನು ಅದರಲ್ಲಿ ಸೀಮೆಎಣ್ಣೆ ತುಂಬಿಸಿದ್ದೆ ಸರ್. ಮೋಹನ್‌ಕುಮಾರ್ ಅವರ ಹೆಡ್ಡಿಗೆ ಅಳತೆ ಕೊಟ್ಟೋಳು ನಾನೇ. ಅವರ ಇಂಜಿನ್ ನಿಂತಿದ್ದೂ ನನ್ನ ತಪ್ಪಿನಿಂದಲೇ."

ಕರಿಯಯ್ಯ ಪೆನ್ನು ಕೆಳಗಿಟ್ಟರು.

"ಕೇಂದ್ರದ ಸಾಮಾನು ಸ್ವಂತಕ್ಕೆ ಬಳಸಿದರೆ ಕೆಲಸ ಹೋಗಬಹುದು ಅಂತ ಗೊತ್ತೇನಮ್ಮ?"

"ಗೊತ್ತು ಸರ್."

ಕರಿಯಯ್ಯ ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಒಂದು ಹಾಳೆ ಎಳೆದುಕೊಂಡರು. "ಮೆಮೊ ಕೊಡ್ತೀನಿ, ಅದು ತಪ್ಪೋದಿಲ್ಲ. ಇವತ್ತಿನ ವಾಪಸ್ ರದ್ದು. ಆ ಹುಡುಗನಿಗೆ ಹೇಳು, ಮೂವತ್ತನೇ ತಾರೀಖಿನವರೆಗೆ ಒಂದೇ ಒಂದು ವಾಪಸ್ ಆದರೂ ಲೈನು ಬಂದ್. ಮೇ ತಿಂಗಳಿಂದ ಹೊಸ ಎಣಿಕೆ."

ಹೊರಗೆ ಬೋರಮ್ಮ ಕಾಯುತ್ತಿದ್ದಳು. "ಗಾಡೀನ ಅದೇ ಟೆಂಪೊಗೆ ಹಾಕ್ಕೊಂಡು ಅರಸೀಕೆರೆಗೆ ಹೋದ ಕಣವ್ವ, ಷಡಕ್ಷರಪ್ಪನ ಹತ್ರ," ಎಂದಳು, ಯಾರೂ ಕೇಳದಿದ್ದರೂ.

* * *

ಮರುದಿನ ಬೆಳಗ್ಗೆ ಮಾಲಿನಿ ಅರಸೀಕೆರೆ ಬಸ್ಸು ಹತ್ತಿದಳು. ಈ ಸಲ ತಂದದ್ದು ಕೇಂದ್ರದ್ದಲ್ಲ, ಹಿಂದಿನ ಸಂಜೆ ತಾನು ಓದಿದ ಕಾಲೇಜಿನ ಮೇಡಂ ಒಬ್ಬರ ಮನೆಗೆ ಹೋಗಿ ಬೇಡಿಕೊಂಡು ತಂದ ಬ್ಯುರೆಟ್. ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಹಳೇಬೀಡಿನಲ್ಲಿ ಹತ್ತಿ ಪಕ್ಕ ಕೂತ ಅಜ್ಜ ಕೇಳಿದರು.

"ಏನವ್ವ ಅದು, ಕೊಳಲಾ?"

"ಹೌದು ತಾತ."

"ಒಂಚೂರು ನುಡಿಸವ್ವ ಮತ್ತೆ."

"ಅರಸೀಕೆರೆಯಲ್ಲಿ ನುಡಿಸೋದು ತಾತ. ನುಡಿಯುತ್ತೋ ಇಲ್ಲವೋ..." ಎಂದಳು.

ಭಾನುವಾರವಾದರೂ ರೈಲ್ವೆ ಗೇಟಿನ ಬಳಿಯ ಲೇಥ್ ಅಂಗಡಿಯ ಅರ್ಧ ಬಾಗಿಲು ತೆರೆದಿತ್ತು. ಮೋಹನ್ ನೆಲದ ಮೇಲೆ ಕೂತು ಪಿಸ್ಟನ್ನಿಗೆ ಎಮರಿ ಕಾಗದ ಉಜ್ಜುತ್ತಿದ್ದ. ಅವಳನ್ನು ಕಂಡು ದಡಬಡನೆ ಎದ್ದ.

"ನೀವಾ? ಇಲ್ಲಿ?"

"ಲೈನು ನಿಂತಿಲ್ಲ. ನಿನ್ನೆಯ ವಾಪಸ್ ರದ್ದಾಯ್ತು. ನಿಮ್ಮ ಹಾಲು ಚೆನ್ನಾಗಿತ್ತು. ಬ್ಯುರೆಟ್ ಸೋರುತ್ತಿತ್ತು. ಹೆಡ್ ಅಳೆದಾಗಲೂ ಸೋರಿದೆ. ತಪ್ಪು ನನ್ನದು. ಮ್ಯಾನೇಜರ್‌ಗೂ ಹೇಳಿದ್ದೀನಿ." ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಬಾಯಿಪಾಠದಲ್ಲಿ ಇಲ್ಲದ್ದು ಆಮೇಲೆ ಬಂತು. "ಯಾರೂ ಅಳೆದಿಲ್ಲ ಅಂದಿರಲ್ಲ... ನಾನು ಯಾರೂ ಅಲ್ಲವಾ?"

ಮೋಹನ್ ಪಿಸ್ಟನ್ನನ್ನು ಬೆಂಚಿನ ಮೇಲಿಟ್ಟ.

"ಅಯ್ಯೋ! ನಿಮ್ಮ ಕೆಲಸ ಹೋಗ್ತಿತ್ತು ಕಣ್ರೀ! ಬ್ಯುರೆಟ್ ಹೊರಗೆ ಕೊಡೋ ಹಾಗಿಲ್ಲ ಅಂತ ನೀವೇ ಹೇಳಿರಲಿಲ್ವಾ? ಲೈನಂತೂ ಹೋಯ್ತು, ನಿಮ್ಮ ಕೆಲಸನಾದ್ರೂ ಉಳೀಲಿ ಅಂತ..."

"ನನ್ನ ಕೆಲಸ ಉಳಿಸೋಕೆ ನನ್ನನ್ನೇ ಅಳಿಸಿಬಿಡೋದಾ?"

"ಮತ್ತೆ ನೀವು? ಕೆಲಸ ಹೋಗ್ತದೆ ಅಂತ ಗೊತ್ತಿದ್ದೂ ಸಾಹೇಬ್ರ ಮುಂದೆ ಹೋಗಿ ಹೇಳಿದ್ರಾ?"

"ಅಳೆದಿದ್ದು ನಾನು ತಾನೇ?"

ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು. ಯಾರ ಕಣ್ಣು ಮೊದಲು ತುಂಬಿತೋ!

ಒಳಗಿಂದ ಷಡಕ್ಷರಪ್ಪನ ಕೆಮ್ಮು ಕೇಳಿಸಿತು. ದಾರ ಕಟ್ಟಿದ ಕನ್ನಡಕವನ್ನು ಮೂಗಿನ ಮೇಲೇರಿಸುತ್ತಾ ಮುದುಕ ಬಂದ. "ಏನ್ಲಾ ಮೋಹನ, ಜಗಳ ಆಮೇಲೆ ಆಡ್ಕಳಿ. ನಾಳೆ ಹೊತ್ತಾರೆ ಹಾಲು ಹೋಗಬೇಕೋ ಬ್ಯಾಡ್ವೋ? ಅಳೀರಿ ಮೊದ್ಲು."

ಈ ಸಲ ಸೀಮೆಎಣ್ಣೆಯಲ್ಲ, ಶುದ್ಧ ನೀರು. ಮೂಲೆಗಳಿಗೆ ಸರಿಯಾಗಿ ಹರಿಯಲೆಂದು ಅದಕ್ಕೆ ಒಂದೇ ಹನಿ ಸೋಪು. ತಿರುಪಿಗೆ ಹೊಸ ವ್ಯಾಸಲೀನ್. ತುಂಬಿಟ್ಟು ಐದು ನಿಮಿಷ ಕಾದು, ಮಟ್ಟ ಇಳಿಯಲಿಲ್ಲವೆಂದು ಖಾತ್ರಿ ಮಾಡಿಕೊಂಡೇ ಅಳೆದಳು.

28.1. 28.1. 28.1.

"ಸರಾಸರಿ ಬೇಡ್ವಾ?" ಮೋಹನ್ ಮೆಲ್ಲಗೆ ಕೇಳಿದ. ಎಡಗೆನ್ನೆಯ ಗುಳಿ ಮತ್ತೆ ಕಂಡಿತು.

"ಸುಮ್ಮನಿರಿ!"

ಮೂರು ಮಿಲಿಲೀಟರಿನಷ್ಟು ಜಾಗ ವಾಪಸ್ ಬೇಕಿತ್ತು. ಕೆರೆದ ಲೋಹ ಮತ್ತೆ ಬೆಳೆಯುವುದಿಲ್ಲ. ಆದರೆ ಹೆಡ್ಡಿನ ಕೆಳಗೆ ದಪ್ಪನೆಯ ಪ್ಯಾಕಿಂಗ್ ಇಟ್ಟು ಅದನ್ನು ಮೇಲಕ್ಕೆತ್ತಬಹುದು. ಷಡಕ್ಷರಪ್ಪ ಅಟ್ಟದಿಂದ ತಾಮ್ರದ ತಗಡುಗಳನ್ನು ತಂದು ಹರಡಿದ. ಮಾಲಿನಿ ಒಂದೊಂದನ್ನೂ ಸ್ಕ್ರೂಗೇಜಿನಲ್ಲಿ ಅಳೆದಳು. ಇಪ್ಪತ್ತು ಗೇಜಿನ ತಗಡು ಒಂಬತ್ತು ಹತ್ತಾಂಶ ಮಿಲಿಮೀಟರ್ ತೋರಿಸಿದಾಗ ಅವಳೂ ಮೋಹನನೂ ಒಟ್ಟಿಗೆ ಕೂಗಿದರು.

"ಇದೇ!"

ಅವನು ತಗಡು ಕತ್ತರಿಸಿದ. ಅವಳು ಅಂಚಿನ ಮುಳ್ಳುಗಳನ್ನು ಅರದಿಂದ ತೆಗೆದಳು. ಪ್ಯಾಕಿಂಗ್ ಸೇರಿಸಿ ಲೆಕ್ಕ ಹಾಕಿದರೆ ಗುಳಿ ಮೂವತ್ತೊಂದು ಪಾಯಿಂಟ್ ಒಂದು. ಷಡಕ್ಷರಪ್ಪ ಹೋಟೆಲಿನಿಂದ ತಟ್ಟೆ ಇಡ್ಲಿ ತರಿಸಿದ. ಮೂವರೂ ಮಸಿ ಕೈಯಲ್ಲೇ ತಿಂದರು.

"ನಲವತ್ತು ವರ್ಷದಿಂದ ಲೇಥ್ ಹಾಕಿದೀನಿ," ಎಂದ ಮುದುಕ, "ಹುಡುಗಿ ಮೆಚ್ಚಿಸೋಕೆ ಇಂಜಿನ್ ಕೆರೆಸಿದೋರನ್ನ ಬೇಕಾದಷ್ಟು ನೋಡಿದೀನಿ. ಕೆರೆದಿದ್ದನ್ನ ಸರಿಮಾಡೋಕೆ ಹುಡುಗೀನೇ ಬಂದಿದ್ದು ಇದೇ ಮೊದಲು ಕಣ್ಲಾ!"

ಸಂಜೆ ಬಸ್ಸಿಗೆ ಹತ್ತಿಸುವಾಗ ಮೋಹನ್ ಕಿಟಕಿಯ ಬಳಿ ನಿಂತ. "ನಾಳೆ ಬತ್ತೀನಿ," ಎಂದಷ್ಟೇ ಅಂದ.

"ಎಂಟೂವರೆಗೆ," ಎಂದಳು ಅವಳು.

* * *

ಸೋಮವಾರ ಎಂಟು ಮೂವತ್ತಾರು. ಮಂಗಳವಾರ ಎಂಟು ಮೂವತ್ನಾಲ್ಕು. ಏರಿನಲ್ಲಿ ಟಕಟಕ ಇಲ್ಲ. ಬುಧವಾರ ಎಂಟು ಮೂವತ್ತೈದು.

ಗುರುವಾರ, ಏಪ್ರಿಲ್ 30. ಪರೀಕ್ಷಾ ಕೋಣೆಗೆ ಕರಿಯಯ್ಯನವರೇ ಬಂದು ನಿಂತರು. ಬೋರಮ್ಮ ಕ್ಯಾನು ಕೆಳಗಿಟ್ಟು ಕೈ ಮುಗಿದುಕೊಂಡಳು. ಮಾಲಿನಿ ತಿರುಪು ಬಿಟ್ಟಳು.

ಗುಲಾಬಿ. 1.4.

"ಪಾಸ್!" ಎಂದವಳು, ಮ್ಯಾನೇಜರ್ ಇದ್ದಾರೆಂಬುದನ್ನೂ ಮರೆತು ಚಪ್ಪಾಳೆ ಹೊಡೆದಳು. ಹತ್ತೊಂಬತ್ತು ಮನೆಗಳ ಲೈನು ಉಳಿದಿತ್ತು.

"ಮೆಮೊ ಮಾತ್ರ ಫೈಲಲ್ಲೇ ಇರುತ್ತೆ," ಎಂದರು ಕರಿಯಯ್ಯ. ತಿರುಗಿ ಹೋಗುವಾಗ ಅವರ ಮೀಸೆ ನಕ್ಕದ್ದನ್ನು ಬೋರಮ್ಮ ಮಾತ್ರ ನೋಡಿದಳು.

ಮಧ್ಯಾಹ್ನ ಎರಡಕ್ಕೆ ಮಾಲಿನಿ ಬಸ್ ನಿಲ್ದಾಣಕ್ಕೆ ಹೊರಟರೆ ಗೇಟಿನ ಹೊರಗೆ ಯೆಜ್ಡಿ ನಿಂತಿತ್ತು. ಕ್ಯಾನುಗಳಿರಲಿಲ್ಲ. ಹಿಂದಿನ ಸೀಟಿನ ಮೇಲೆ ಒಗೆದ ಟವೆಲ್ಲು ಹಾಸಿತ್ತು.

"ಬೇಲೂರಿಗೆ ಬಿಡ್ಲಾ... ಮಾಲಿನಿ?"

"ಅವ್ರೇ" ಎಲ್ಲಿಗೆ ಹೋಯಿತೋ! ಅವಳು ಕೇಳಲಿಲ್ಲ. ಒಂದು ಕಡೆಗೆ ಕೂತು, ಸೀಟಿನ ಅಂಚು ಹಿಡಿದಳು.

ರಾಗಿ ಹೊಲಗಳ ನಡುವೆ ರಸ್ತೆ ಖಾಲಿ. ಸ್ವಲ್ಪ ದೂರ ಹೋದ ಮೇಲೆ ಅವನು ಮಾತು ತೆಗೆದ.

"ಭಾನುವಾರ ರಾತ್ರಿ ಅಮ್ಮನಿಗೆ ಹೇಳ್ದೆ."

"ಏನಂತ?"

"ನಿನ್ನನ್ನ ಮದುವೆ ಆಗ್ತೀನಿ ಅಂತ."

"ನನ್ನನ್ನ ಕೇಳದೇನೇ?"

"ಅಮ್ಮನ್ನ ಒಪ್ಪಿಸೋದು ಕಷ್ಟದ ಕೆಲಸ, ಅದಕ್ಕೇ ಅದನ್ನ ಮೊದಲು ಶುರು ಮಾಡ್ದೆ."

"ನಮ್ಮನೆಯಲ್ಲಿ ಬುದ್ಧನ ಫೋಟೊ ಇದೆ ಮೋಹನ್. ನಾವು ಯಾವ ಕೇರಿಯವರು ಅಂತ ನಿಮ್ಮಮ್ಮನಿಗೆ ಹೇಳಿದ್ರಾ?"

"ಹೇಳ್ದೆ. ಎರಡು ದಿನ ಮಾತಾಡ್ಲಿಲ್ಲ. ಅಪ್ಪ ಇನ್ನೂ ಮಾತಾಡ್ತಿಲ್ಲ. ನಿನ್ನೆ ಬೆಳಗ್ಗೆ ಹಾಲು ಕರೀತಾ ಅಮ್ಮ ಕೇಳಿದ್ರು, 'ಆ ಹುಡುಗಿ ತಪ್ಪು ತನ್ದೇ ಅಂತ ಸಾಹೇಬ್ರ ಮುಂದೆ ಒಪ್ಕೊಂಡ್ಳಂತೆ, ದಿಟವೇನ್ಲಾ?' ಅಂತ. ದಿಟ ಅಂದೆ. 'ಭಾನುವಾರ ಕರ್ಕಂಡು ಬಾ, ನೋಡಾನ' ಅಂದ್ರು."

"ನೋಡಿ ವಾಪಸ್ ಕಳಿಸಿದರೆ?"

"ಇನ್ನೊಂದು ಸಲ ಕರ್ಕೊಂಡು ಹೋಗ್ತೀನಿ. ಅಪ್ಪ ಮಾತಾಡೋವರೆಗೂ ಕರ್ಕೊಂಡು ಹೋಗ್ತೀನಿ." ಅವನ ದನಿ ಗಂಭೀರವಾಯಿತು. "ಸುಲಭ ಅಂತ ಸುಳ್ಳು ಹೇಳಲ್ಲ. ಆದ್ರೆ ಇನ್ನೊಂದು ಸಲ ಯಾರ ಮುಂದೆನೂ ನೀನು ಇಲ್ಲ ಅಂತ ಹೇಳಲ್ಲ, ಮಾಲಿನಿ. ಆಗಬಹುದಾ?"

ಸೀಟಿನ ಅಂಚಿನಲ್ಲಿದ್ದ ಅವಳ ಕೈ ಮೆಲ್ಲಗೆ ಅವನ ಭುಜಕ್ಕೆ ಬಂತು.

"ಆಗಬಹುದು," ಎಂದಳು.

ಅಷ್ಟರಲ್ಲಿ ಹುಲ್ಲಿನ ಹೊರೆ ಹೊತ್ತ ಸೈಕಲ್ಲೊಂದು ಬೆಲ್ಲು ಬಾರಿಸುತ್ತಾ ಅವರನ್ನು ಹಿಂದೆ ಹಾಕಿ ಮುಂದೆ ಹೋಯಿತು.

"ಮೋಹನ್... ಇಂಜಿನ್ ಮತ್ತೆ ಹಿಡ್ಕೊಳ್ತಾ?"

"ಇಲ್ಲ! ಬೆಣ್ಣೆ ಹಂಗೈತೆ."

"ಮತ್ತೆ ಸೈಕಲ್ಲೂ ನಮ್ಮನ್ನ ದಾಟಿಕೊಂಡು ಹೋಯ್ತಲ್ಲ?"

"ಹೋಗ್ಲಿ ಬಿಡು. ಬೇಲೂರು ಎಲ್ಲೂ ಓಡೋಗಲ್ಲ."

ಅವಳು ನಗುತ್ತಾ ಅವನ ಭುಜದ ಮೇಲಿಂದ ಬಗ್ಗಿ, ಕಣ್ಣನ್ನು ಮುಳ್ಳಿನ ನೇರಕ್ಕೆ ತಂದು ಮೀಟರ್ ನೋಡಿದಳು. ಗಂಟೆಗೆ ಇಪ್ಪತ್ತೆರಡು ಕಿಲೋಮೀಟರ್.